ಬೆಂಕಿಪೊಟ್ಟಣದಷ್ಟು ಬೋರ್ಡು

ಹೂಕುಂಡ ಒಡೆದ ಸದ್ದು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನನ್ನ ತಮ್ಮ ಬಿದ್ದು ಆಗಲೇ ಬಹಳ ಹೊತ್ತಾಗಿತ್ತು. ನಾನು ಯಾರದೋ ಕನ್ನಡಕದ ಕಾಲಿಗೆ ತಿರುಪು ಕೂರಿಸುತ್ತಿದ್ದೆ. ಕೈಲಿದ್ದುದನ್ನು ಅಲ್ಲೇ ಬಿಟ್ಟು ಓಡಿದೆ. ಅವನ ಹೂಗಿಡಗಳ ನರ್ಸರಿ ಮುಟ್ಟುವಷ್ಟರಲ್ಲಿ ಧರಣಿ ತಾನೇ ಎದ್ದು ಕೂತಿದ್ದ. ಬಾಯಿ ತುಂಬ ಕೆಸರು, ಹುಬ್ಬಿನಿಂದ ಇಳಿದ ರಕ್ತ ಕಿವಿಯ ಹತ್ತಿರ ಒಣಗುತ್ತಾ ಇತ್ತು. ಕೆಸರಿನಲ್ಲಿ ಅವನ ಮುಖದ ಅಚ್ಚು ಬಿದ್ದಿತ್ತು. ಆ ಅಚ್ಚಿಗೂ ಗಿಡಗಳಿಗೆ ನೀರು ತುಂಬಿಡುವ ಸಿಮೆಂಟ್ ತೊಟ್ಟಿಗೂ ನಡುವೆ ಒಂದು ಗೇಣು ಜಾಗ. ಆ ಗೇಣನ್ನು ನೋಡಿದ ಮೇಲೆ ನನಗೆ ಸರಿಯಾಗಿ ಊಟ ಸೇರಲಿಲ್ಲ.

ನಮ್ಮ ಊರಿನಲ್ಲಿ ಸದ್ದು ನಡೆದುಕೊಂಡು ಬರುತ್ತದೆ. ಮನುಷ್ಯ ನಡೆಯುವ ವೇಗ, ಅದಕ್ಕಿಂತ ಹೆಚ್ಚಿಲ್ಲ. ಸಣ್ಣ ಮಾತುಗಳು ದಾರಿಯಲ್ಲೇ ಸೋತುಹೋಗುತ್ತವೆ, ದೊಡ್ಡ ಸದ್ದು ಮಾತ್ರ ಬೀದಿ ಹಿಡಿದು, ತಿರುವು ತಿರುಗಿ, ತಡವಾಗಿಯಾದರೂ ಬಂದು ಸೇರುತ್ತದೆ. ಹಾಗಾಗಿ ನಮ್ಮಲ್ಲಿ ಯಾರೂ ದೂರದಿಂದ ಕೂಗಿ ಕರೆಯುವುದಿಲ್ಲ. ಕೂಗುವ ಬದಲು ಎದ್ದು ಹೋದರೆ ಕೂಗಿಗಿಂತ ಮೊದಲೇ ತಲುಪಬಹುದು. ಜಗಳವಾಡುವವರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತೇ ಆಡಬೇಕು, ಅದರಿಂದಾಗಿ ಎಷ್ಟೋ ಜಗಳ ಅರ್ಧಕ್ಕೇ ನಗುವಾಗಿಬಿಡುವುದೂ ಉಂಟು. ಫೋನು ಬಂದ ಮೇಲೆ ಅಡುಗೆಮನೆಯಿಂದ ಹಜಾರಕ್ಕೂ ಜನ ಫೋನ್ ಮಾಡುತ್ತಾರೆ. ಬಸ್ಸಿನ ಡ್ರೈವರುಗಳು ಹಾರನ್ ಮುಟ್ಟುವುದೇ ಇಲ್ಲ, ಹೆಡ್‌ಲೈಟ್ ಮಿಟುಕಿಸುತ್ತಾರೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದೊಂದು ತೊಂದರೆ ಅನ್ನಿಸಿರಲಿಲ್ಲ, ಧರಣಿಗೆ ಫಿಟ್ಸ್ ಶುರುವಾಗುವವರೆಗೆ.

ಅವನ ಪೂರ್ತಿ ಹೆಸರು ಧರಣೇಂದ್ರ. ನನಗಿಂತ ಎಂಟು ವರ್ಷ ಚಿಕ್ಕವನು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಕನ್ನಡಕದ ಅಂಗಡಿ ಇಟ್ಟುಕೊಂಡೆ, ಅವನು ಊರಂಚಿನಲ್ಲಿ ಹೂವಿನ ಗಿಡಗಳ ನರ್ಸರಿ ಮಾಡಿದ. ಮೊದಲ ಸಲ ಫಿಟ್ಸ್ ಬಂದಾಗ ಅವನಿಗೆ ಇಪ್ಪತ್ತಾರು. ಮಾತ್ರೆ ತೊಗೊಂಡ ಮೇಲೆ ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. "ಬಂದಾಗ ಏನೂ ಮಾಡ್ಬೇಡಿ ಮರುದೇವಿ" ಎಂದಿದ್ದರು ಡಾಕ್ಟರು. "ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಮೂಗು ಬಾಯಿಗೆ ಏನೂ ಅಡ್ಡ ಇಲ್ದಂಗೆ ನೋಡ್ಕೊಳ್ಳಿ. ತಾನೇ ನಿಲ್ಲುತ್ತೆ. ಆದ್ರೆ ಆ ಹೊತ್ತಲ್ಲಿ ಪಕ್ಕದಲ್ಲಿ ಒಬ್ರು ಇರ್ಬೇಕು." ಅವರು ಹೇಳಿದ್ದರಲ್ಲಿ ಕಷ್ಟದ್ದು ಅದೊಂದೇ.

ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ನನಗೊಂದು ಹವ್ಯಾಸವಿತ್ತು. ಹಳೇ ರೇಡಿಯೋ, ಕೆಟ್ಟ ಗೋಡೆ ಗಡಿಯಾರ, ಮಕ್ಕಳ ಆಟಿಕೆ ಬಿಚ್ಚುವುದು, ವಿಡಿಯೋ ನೋಡಿಕೊಂಡು ಸಣ್ಣಪುಟ್ಟ ಸರ್ಕ್ಯೂಟ್ ಬೆಸೆಯುವುದು. ಕನ್ನಡಕದ ಕೆಲಸದಿಂದ ಕೈಗೆ ಸೂಕ್ಷ್ಮ ಬಂದಿತ್ತು. ಧರಣಿಗೆ ಫಿಟ್ಸ್ ಶುರುವಾದ ಮೇಲೆ ಆ ಹವ್ಯಾಸ ಹವ್ಯಾಸವಾಗಿ ಉಳಿಯಲಿಲ್ಲ. ಅವನ ತೋಳಿಗೆ ಕಟ್ಟುವ ಒಂದು ಪಟ್ಟಿ ಮಾಡಿದೆ. ತೋಳು ಒಮ್ಮೆಲೇ ಕೆಳಗೆ ಬಿದ್ದು ಒಂದೇ ಸಮನೆ ಅದುರಿದರೆ ಪಟ್ಟಿಯೊಳಗಿನ ಸಣ್ಣ ಪೆಟ್ಟಿಗೆ ರೇಡಿಯೋ ಅಲೆ ಕಳಿಸಬೇಕು, ನನ್ನ ಅಂಗಡಿಯ ಮೇಜಿನ ಮೇಲೆ ಕೆಂಪು ದೀಪ ಹತ್ತಬೇಕು. ಸದ್ದಿನ ಹಾಗೆ ಅಲೆ ನಡೆದು ಬರುವುದಿಲ್ಲ, ಕಳಿಸಿದ ಕೂಡಲೇ ಬರುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡಿದಾಗಲೆಲ್ಲ ದೀಪ ಹತ್ತಿತು. ತೊಟ್ಟಿಯ ಪಕ್ಕದಲ್ಲಿ ಬಿದ್ದನಲ್ಲ, ಅವತ್ತೂ ಅವನ ತೋಳಿನಲ್ಲಿ ಪಟ್ಟಿ ಇತ್ತು. ದೀಪ ಮಾತ್ರ ಹತ್ತಲಿಲ್ಲ.

ಮನೆಗೆ ಬಂದು ಬಿಚ್ಚಿ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ತೂತಿನ ಬೋರ್ಡಿನ ಮೇಲೆ ನಾನು ಒಂದೊಂದಾಗಿ ಎಳೆದು ಬೆಸೆದಿದ್ದ ಕೂದಲೆಳೆಯಂಥ ತಂತಿಗಳಲ್ಲಿ ಎರಡು ಕಿತ್ತುಬಂದಿದ್ದವು. ಬಿದ್ದ ಪೆಟ್ಟಿಗೇ ಕಿತ್ತುಹೋಗಿದ್ದವು. ಅವನು ಬೀಳದೆ ಇರುವಾಗಲೆಲ್ಲ ಚೆನ್ನಾಗಿ ಕೆಲಸ ಮಾಡುವ, ಬಿದ್ದ ಗಳಿಗೆಯಲ್ಲಿ ಸಾಯುವ ಯಂತ್ರ ಮಾಡಿಟ್ಟಿದ್ದೆ ನಾನು.

ಕೈಯಲ್ಲಿ ಎಳೆದ ತಂತಿ ನಂಬುವಂತಿಲ್ಲ ಎಂದ ಮೇಲೆ ಉಳಿದದ್ದು ಒಂದೇ ದಾರಿ. ಕೊಂಡು ತರುವ ರೇಡಿಯೋ, ಟೀವಿಗಳ ಒಳಗೆ ಇರುವಂಥ ಅಚ್ಚಿನ ಬೋರ್ಡು, ತಂತಿಯ ಬದಲು ತಾಮ್ರದ ಗೆರೆಗಳೇ ಹಲಗೆಗೆ ಅಂಟಿಕೊಂಡಿರುವಂಥದು ಬೇಕು. ಮೊದಲು ಮನೆಯಲ್ಲೇ ಮಾಡಲು ನೋಡಿದೆ. ತಾಮ್ರದ ತಗಡು ಹೊದಿಸಿದ ಹಲಗೆಗೆ ನಕ್ಷೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ, ಬೇಡದ ತಾಮ್ರ ಕರಗಲೆಂದು ಕಂದು ಬಣ್ಣದ ಔಷಧಿಯಲ್ಲಿ ಮುಳುಗಿಸಿದೆ. ಬೇಡದ್ದೂ ಹೋಯಿತು, ಬೇಕಾದದ್ದೂ ಅಲ್ಲಲ್ಲಿ ಹೋಯಿತು. ಸಣ್ಣ ಗೆರೆಗಳು ಇಲಿ ಕಚ್ಚಿದಂತೆ ತುಂಡಾಗಿದ್ದವು. ಬಚ್ಚಲಿನ ಕಲ್ಲಿಗೆ ಬಿದ್ದ ಕಂದು ಕಲೆಯನ್ನು ಎಷ್ಟು ಉಜ್ಜಿದರೂ ಹೋಗಲಿಲ್ಲ. ಮತ್ತೊಮ್ಮೆ ಮಾಡಿದೆ, ಮತ್ತೂ ಒಮ್ಮೆ. ಒಂದು ಬೋರ್ಡು ಕಣ್ಣಿಗೆ ಸರಿಯಾಗೇ ಕಂಡಿತು. ಆದರೆ ಕಣ್ಣಿಗೆ ಕಾಣದ ಬಿರುಕು ಎಲ್ಲಾದರೂ ಇದ್ದರೆ? ಅದನ್ನು ಅವನ ತೋಳಿಗೆ ಕಟ್ಟಲು ನನಗೆ ಧೈರ್ಯ ಬರಲಿಲ್ಲ.

ಹೊರಗಿನ ಕಾರ್ಖಾನೆಗಳಿಗೆ ಫೋನ್ ಮಾಡತೊಡಗಿದೆ. ಒಬ್ಬರು "ಎಷ್ಟು ಸಾವಿರ ಪೀಸು ಮೇಡಂ?" ಎಂದು ಕೇಳಿ, ನಾನು "ಎರಡು ಸಾಕು" ಅಂದಾಗ ನಕ್ಕು ಫೋನಿಟ್ಟರು. ಇನ್ನೊಬ್ಬರು ಎರಡೇ ಮಾಡಿಕೊಡಲು ಒಪ್ಪಿದರು, ಅದಕ್ಕೆ ಹೇಳಿದ ಬೆಲೆ ಕೇಳಿ ನಾನೇ ಇಟ್ಟೆ. ಹೊರದೇಶದಲ್ಲಿ ತೀರಾ ಅಗ್ಗಕ್ಕೆ ಮಾಡುವವರಿದ್ದರು, ಆದರೆ ಪಾರ್ಸಲ್ಲಿನ ಬಾಡಿಗೆಯೇ ಬೋರ್ಡಿನ ಎಷ್ಟೋ ಪಟ್ಟು, ಸುಂಕದವರ ಕೈಯಿಂದ ಯಾವಾಗ ಬಿಡುಗಡೆಯಾಗುತ್ತದೋ ಹೇಳಲಾಗುವುದಿಲ್ಲ ಎಂದರು. ಹೇಳಲಾಗುವುದಿಲ್ಲ ಎಂಬ ಮಾತನ್ನು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಷ್ಟರಲ್ಲಿ ನನ್ನ ಸ್ಥಿತಿ ಕೆಡುತ್ತಾ ಬಂದಿತ್ತು. ಯಾವುದಾದರೂ ಸದ್ದು ಬೀದಿಯಲ್ಲಿ ಬಂದರೆ ಸಾಕು, ಇದು ಯಾವಾಗಿನದು, ಎಲ್ಲಿಂದ ಹೊರಟದ್ದು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಪಕ್ಕದ ಹೋಟೆಲಿನಲ್ಲಿ ತಟ್ಟೆ ಬಿದ್ದರೂ ಎದ್ದು ನಿಲ್ಲುತ್ತಿದ್ದೆ. ಧರಣಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೆ. ಅವನು ಎತ್ತಲು ತಡಮಾಡಿದರೆ ಅಂಗಡಿಯ ಬಾಗಿಲು ಎಳೆದುಕೊಂಡು ಓಡುತ್ತಿದ್ದೆ, ಅವನು ಕೈ ತುಂಬ ಮಣ್ಣು ಮಾಡಿಕೊಂಡು ಗುಲಾಬಿಗೆ ಕಸಿ ಕಟ್ಟುತ್ತಾ ಕೂತಿರುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಅಂಗಡಿ ತೆರೆಯಲೇ ಇಲ್ಲ. ಒಂದು ಕುರ್ಚಿ ಹೊತ್ತುಕೊಂಡು ಹೋಗಿ ನರ್ಸರಿಯ ಚಪ್ಪರದ ಕೆಳಗೆ ಹಾಕಿಕೊಂಡು ಕೂತೆ. ಮರುದಿನವೂ ಕೂತೆ. ಆ ವಾರವೆಲ್ಲ ಕೂತೆ.

ಗಿಡ ಕೊಳ್ಳಲು ಬಂದವರು ನನ್ನನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಒಬ್ಬ ಹೆಂಗಸು ಧರಣಿಯನ್ನು ಬಿಟ್ಟು ನನ್ನನ್ನೇ ಕೇಳಿದಳು, "ಈ ಸೇವಂತಿಗೆ ಎಷ್ಟಮ್ಮಾ?" ಅವಳು ಹೋದ ಮೇಲೆ ಧರಣಿ ಕೈಯಲ್ಲಿದ್ದ ಕಳೆ ಕೀಳುವ ಕುರ್ಪಿಯನ್ನು ಮಣ್ಣಿಗೆ ಚುಚ್ಚಿ ನನ್ನ ಮುಂದೆ ಬಂದು ನಿಂತ. ಬಹಳ ಹತ್ತಿರ ನಿಂತ.

"ಅಕ್ಕಾ, ಮನೆಗೆ ಹೋಗು."

"ನಾನು ಇಲ್ಲಿದ್ರೆ ನಿಂಗೇನೋ ತೊಂದ್ರೆ? ನಾನೇನಾದ್ರೂ ಮಾತಾಡ್ತಾ ಇದೀನಾ?"

"ಮಾತಾಡಲ್ಲ, ನೋಡ್ತಾ ಇರ್ತೀಯ. ನಾನು ಬಗ್ಗಿದ್ರೆ ನೀನು ಏಳ್ತೀಯ. ಸೀನಿದ್ರೆ ಓಡಿ ಬರ್ತೀಯ."

"ಆ ತೊಟ್ಟಿ ನೋಡಿದೀಯಲ್ಲ ಧರಣಿ. ಒಂದು ಗೇಣು ಅತ್ಲಾಗಿದ್ದಿದ್ರೆ..."

"ನೋಡಿದೀನಿ" ಎಂದ. "ನಂಗೂ ಹೆದರಿಕೆ ಆಗುತ್ತೆ ಅಕ್ಕ. ಆದ್ರೆ ನಂಗೆ ಫಿಟ್ಸ್ ಬರೋದು ಎರಡು ಮೂರು ನಿಮಿಷ. ನಿಂಗೆ ಇಡೀ ದಿವ್ಸ ಬರುತ್ತೆ. ನನ್ನಿಂದ ನೀನು ಹಿಂಗಾದೆ ಅಂತ ನೋಡ್ಕೊಂಡು ನಾನು ಹೆಂಗಿರ್ಲಿ, ಹೇಳು."

ನಾನು ಕುರ್ಚಿ ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಅತ್ತೆ. ಅಂಗಡಿ ತೆರೆದು ಕೂತು, ಕಾರ್ಖಾನೆಗಳ ಪಟ್ಟಿಯಲ್ಲಿ ಉಳಿದಿದ್ದ ಕೊನೆಯದಕ್ಕೆ ಫೋನ್ ಮಾಡಿದೆ. ಬಸ್ಸಿನಲ್ಲಿ ಒಂದು ಹಗಲಿನ ದಾರಿ ದೂರದ ಪೇಟೆ ಅದು. ಎತ್ತಿದವಳು ನಸೀಮಾ ಎಂಬ ಹೆಂಗಸು. ಹಿಂದೆ ಯಂತ್ರಗಳು ಗುಂಯ್‌ಗುಡುತ್ತಿದ್ದವು. ನಾನು ಈ ಸಲ ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದೆ, ತಮ್ಮನದನ್ನು, ತೊಟ್ಟಿಯದನ್ನು, ಕಿತ್ತುಬಂದ ತಂತಿಗಳದನ್ನು. ಅವಳು ನಡುವೆ ಬಾಯಿ ಹಾಕಲಿಲ್ಲ.

"ನಿಮ್ಮ ಬೋರ್ಡು ಎಷ್ಟು ದೊಡ್ಡದು ಮೇಡಂ?"

"ಬೆಂಕಿಪೊಟ್ಟಣದಷ್ಟು."

"ಹಂಗಾದ್ರೆ ಕೇಳಿ. ನಾವು ಬೋರ್ಡ್ ಲೆಕ್ಕದಲ್ಲಿ ಮಾಡಲ್ಲ, ಹಾಳೆ ಲೆಕ್ಕದಲ್ಲಿ ಮಾಡ್ತೀವಿ. ಒಂದು ಹಾಳೆ ಅಂದ್ರೆ ಹತ್ರ ಹತ್ರ ದಿನಪತ್ರಿಕೆಯಷ್ಟಗಲ. ಅದ್ರಲ್ಲಿ ನಿಮ್ದೊಂದೇ ಇದ್ರೂ ನಮಗೆ ಅಷ್ಟೇ ಕೆಲ್ಸ, ಹತ್ತು ಜನರದ್ದು ಇದ್ರೂ ಅಷ್ಟೇ ಕೆಲ್ಸ. ನಿಮ್ಮೂರಲ್ಲಿ ನಿಮ್ಮಂಥೋರು ಇನ್ಯಾರಾದ್ರೂ ಇದ್ರೆ ಎಲ್ಲರದ್ದೂ ಸೇರಿಸಿ ಒಂದು ಹಾಳೆ ತುಂಬ್ಸಿ ಕಳ್ಸಿ. ಮಾಡಿ ಕತ್ತರಿಸಿ ಕೊಡ್ತೀವಿ. ಖರ್ಚು ಹಂಚ್ಕೊಂಡ್ರೆ ಯಾರಿಗೂ ಭಾರ ಆಗಲ್ಲ."

"ನಮ್ಮೂರಲ್ಲಿ ಯಾರಿದಾರಮ್ಮಾ" ಎಂದೆ.

"ಹುಡುಕಿ ನೋಡಿ" ಎಂದಳು.

ಹುಡುಕಿದೆ. ಮೊದಲು ಸಿಕ್ಕವರು ಹೈಸ್ಕೂಲಿನ ಲೂಯಿಸ್ ಮೇಷ್ಟ್ರು. ಅವರ ಸ್ಟಾಫ್ ರೂಮಿನ ಕಪಾಟಿನಲ್ಲಿ, ಪರೀಕ್ಷೆಯ ಕಟ್ಟುಗಳ ಹಿಂದೆ, ನನ್ನದರಂತೆಯೇ ತಂತಿ ಗೋಜಲಾದ ಒಂದು ಪೆಟ್ಟಿಗೆ ಇತ್ತು. ಗಂಟೆ ಹೊಡೆದರೆ ಮೈದಾನದ ಆ ಕೊನೆಯ ಮಕ್ಕಳಿಗೆ ಅದು ತಲುಪುವುದರೊಳಗೆ ಪಾಠ ಶುರುವಾಗಿರುತ್ತದೆ, ಅದಕ್ಕೆ ಕಂಬದ ಮೇಲೆ ಹೊಳೆಯುವ ದೀಪ ಮಾಡಲು ಹೊರಟಿದ್ದರಂತೆ. "ಮಳೆಗಾಲ ಬಂದ್ರೆ ಕೆಟ್ಟೋಗುತ್ತೆ ಮರುದೇವಿ. ಯಾರಿಗೂ ತೋರ್ಸಿಲ್ಲ, ನಗ್ತಾರೆ ಅಂತ" ಎಂದರು. ಮೇಷ್ಟ್ರೇ ನನ್ನನ್ನು ಬಸ್ ಡ್ರೈವರ್ ಹಾಲಪ್ಪನ ಹತ್ತಿರ ಕರೆದುಕೊಂಡು ಹೋದರು. ಅವನು ಬಸ್ಸಿನ ಹಿಂದಿನ ಮೆಟ್ಟಿಲಲ್ಲಿ ಯಾರಾದರೂ ಕಾಲಿಟ್ಟರೆ ತನ್ನ ಮುಂದೆ ದೀಪ ಹತ್ತುವಂಥದೊಂದನ್ನು ಮಾಡಿಕೊಂಡಿದ್ದ. ಕಂಡಕ್ಟರ್ "ಹೋಲ್ಡಾನ್" ಎಂದದ್ದು ಡ್ರೈವರಿಗೆ ಮುಟ್ಟುವುದರೊಳಗೆ ಅಜ್ಜಿಯರು ಬಿದ್ದಿರುತ್ತಾರೆ ಎನ್ನುವುದು ಅವನ ಸಂಕಟ. ಹಾಲಪ್ಪನಿಗೆ ಇನ್ನೂ ಕೆಲವರು ಗೊತ್ತಿದ್ದರು. ತೊಟ್ಟಿಲಿನಲ್ಲಿ ಮಗು ಅತ್ತರೆ ಅಡುಗೆಮನೆಯಲ್ಲಿ ದೀಪ ಹತ್ತಿಸಿಕೊಂಡ ತಾಯಿ, ಕುಕ್ಕರ್ ಕೂಗಿದ್ದು ತಿಳಿಯಲು ದೀಪ ಇಟ್ಟ ಖಾನಾವಳಿಯವರು. ಊರಿನ ಎಷ್ಟೋ ಮನೆಗಳ ಅಟ್ಟದಲ್ಲಿ, ಕಪಾಟಿನಲ್ಲಿ ಹೀಗೆ ತಂತಿ ಕಿತ್ತುಹೋದ ಪೆಟ್ಟಿಗೆಗಳು ಅಡಗಿ ಕೂತಿದ್ದವು. ಪ್ರತಿಯೊಬ್ಬರೂ ತಾವೊಬ್ಬರೇ ಎಂದುಕೊಂಡಿದ್ದರು.

ಮೇಷ್ಟ್ರು ಶಾಲೆಯ ಕಂಪ್ಯೂಟರಿನಲ್ಲಿ ಎಲ್ಲರ ನಕ್ಷೆಗಳನ್ನೂ ಒಂದೇ ಹಾಳೆಯೊಳಗೆ ಕೂರಿಸಿದರು. ಹಾಲಪ್ಪನ ಉದ್ದನೆಯದನ್ನು ಅಂಚಿಗೆ, ನನ್ನ ಬೆಂಕಿಪೊಟ್ಟಣಗಳನ್ನು ಸಂದಿಗಳಿಗೆ. ಎರಡು ಸಾಕೆಂದಿದ್ದ ನನಗೆ ಆರು ಸಿಕ್ಕವು. ಹಾಳೆಯನ್ನು ನಸೀಮಾಗೆ ಕಳಿಸಿದ ದಿನ ನಾನು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಆ ನೆಮ್ಮದಿ ನಿಲ್ಲಲಿಲ್ಲ. ಮತ್ತೊಮ್ಮೆ ನೋಡೋಣವೆಂದು ನಕ್ಷೆ ತೆಗೆದು ಕೂತವಳಿಗೆ ಬೆವರು ಕಿತ್ತುಕೊಂಡು ಬಂತು. ಟ್ರಾನ್ಸಿಸ್ಟರ್ ಎಂಬ ಮೂರು ಕಾಲಿನ ಸಣ್ಣ ಕಪ್ಪು ತುಂಡೊಂದಿದೆ. ತೋಳು ಅದುರಿದ ಸುದ್ದಿಯನ್ನು ಹೊರಗೆ ಕಳಿಸುವುದು ಅದೇ. ಆ ಮೂರರಲ್ಲಿ ನಡುವಿನ ಕಾಲು ಸರಿ ಇತ್ತು, ಎಡಗಾಲಿನ ಜಾಗಕ್ಕೆ ಬಲಗಾಲಿನ ಗೆರೆಯನ್ನೂ ಬಲಗಾಲಿನ ಜಾಗಕ್ಕೆ ಎಡಗಾಲಿನ ಗೆರೆಯನ್ನೂ ಎಳೆದಿದ್ದೆ. ಕೂಡಲೇ ನಸೀಮಾಗೆ ಫೋನ್ ಮಾಡಿದೆ.

"ಹಾಳೆ ಆಗ್ಲೇ ತಾಮ್ರ ಕರಗಿಸೋ ತೊಟ್ಟಿಗೆ ಇಳಿದಿದೆ ಮೇಡಂ. ಈಗ ನಿಲ್ಸಿದ್ರೆ ಎಲ್ಲರದ್ದೂ ಹಾಳಾಗುತ್ತೆ. ಏನ್ಮಾಡ್ಲಿ?"

ನಿಲ್ಲಿಸಿ ಎಂದು ಬಾಯಿಗೆ ಬಂದಿತ್ತು. ಸುಳ್ಳು ಹೇಳುವುದಿಲ್ಲ. ಆಮೇಲೆ ಮೇಷ್ಟ್ರು ಕಣ್ಣಿಗೆ ಬಂದರು, ತೊಟ್ಟಿಲಿನ ಮಗು ಬಂತು. "ಬೇಡ, ಮಾಡಿಬಿಡಿ" ಎಂದೆ. ಯಾರಿಗೂ ಹೇಳಲಿಲ್ಲ. ಬೋರ್ಡು ಬರುವವರೆಗೆ ಧರಣಿಯ ತೋಳಿಗೆ ಹಳೆಯ ಪಟ್ಟಿಯನ್ನೇ, ತಂತಿ ಮತ್ತೆ ಬೆಸೆದು, ಮೇಣ ಸುರಿದು ಕಟ್ಟಿದೆ. ಪ್ರತಿ ದಿನ ಬೆಳಿಗ್ಗೆ ಅವನು ಸೈಕಲ್ ಹತ್ತಿ ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದೆ. ಆದರೂ ಕುರ್ಚಿ ಹೊತ್ತುಕೊಂಡು ಹೋಗಲಿಲ್ಲ.

ಪಾರ್ಸಲ್ಲನ್ನು ಹಾಲಪ್ಪನೇ ಬಸ್ಸಿನಲ್ಲಿ ತಂದ. ಶಾಲೆಯ ಬೆಂಚಿನ ಮೇಲೆ ಬಿಚ್ಚಿದೆವು. ಮಾವಿನ ಎಲೆಯಂಥ ಹಸಿರು, ಅದರ ಮೇಲೆ ಹೊಳೆಯುವ ಗೆರೆಗಳು, ಬಿಳಿ ಅಕ್ಷರಗಳು. ಮೇಷ್ಟ್ರು ತಮ್ಮದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. ಎಲ್ಲರೂ ಸಂಭ್ರಮದಲ್ಲಿದ್ದರು. ನಾನು ನನ್ನ ಆರನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದು ಬಾಗಿಲು ಮುಂದಕ್ಕೆ ಎಳೆದು ಕೂತೆ. ಮತ್ತೆ ಗೆರೆ ಕೆರೆದು ತಂತಿ ಎಳೆಯಬೇಕು. ಮತ್ತೆ ಅದೇ ಕಿತ್ತುಹೋಗುವ ತಂತಿ. ಕಪ್ಪು ತುಂಡನ್ನು ಎರಡು ಬೆರಳಿನ ನಡುವೆ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಬೆರಳುಗಳು ಸುಮ್ಮನೆ ಅದನ್ನು ತಿರುಗಿಸುತ್ತಿದ್ದವು. ಮುಖ ಆ ಕಡೆಗೆ, ಮುಖ ಈ ಕಡೆಗೆ. ಮುಖ ಆ ಕಡೆಗಾದಾಗ ಎಡಗಾಲು ಬಲಕ್ಕೆ ಬರುತ್ತಿತ್ತು. ನಡುವಿನದು ನಡುವೆಯೇ.

ತಿರುಗಿಸಿ ಕೂರಿಸಿದರೆ ಆಯಿತು. ಅಷ್ಟೇ. ಅಷ್ಟು ದಿನ ನನ್ನ ಪ್ರಾಣ ಹಿಂಡಿದ್ದು ಅಷ್ಟೇ ಆಗಿತ್ತು.

ಬೆಸೆದು ಮುಗಿಸಿ, ಬೋರ್ಡನ್ನು ಮೇಜಿನಿಂದ ನೆಲಕ್ಕೆ ಬೀಳಿಸಿದೆ. ಎತ್ತಿ ಗೋಡೆಗೆ ಎಸೆದೆ. ಧರಣಿಗೆ ಕೊಟ್ಟು, ಜೋರಾಗಿ ಎಸಿ ಎಂದೆ. ಅವನು ನಗುತ್ತಾ ಹಿತ್ತಲಿನ ಕಲ್ಲಿಗೆ ಎಸೆದ. ಪ್ರತಿ ಸಲವೂ ಎತ್ತಿ ಕೈಯಲ್ಲಿ ಅದುರಿಸಿದ ಕೂಡಲೇ ದೀಪ ಹತ್ತಿತು. ಆಮೇಲೆ ಅವನು ತೋಳು ಮುಂದೆ ಚಾಚಿ, ಕಟ್ಟಿಸಿಕೊಳ್ಳುವ ಮೊದಲು ಹೇಳಿದ, "ಒಂದು ಷರತ್ತು. ಫೋನ್ ಮಾಡ್ಬಾರ್ದು. ಬಂದು ನೋಡ್ಬಾರ್ದು. ದೀಪ ಹತ್ತಿದ್ರೆ ಮಾತ್ರ ಬರ್ಬೇಕು."

"ಆಯ್ತು" ಎಂದೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಮೊದಲು ಆ ದೀಪದಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. ಗಿರಾಕಿಗಳ ಮುಖ ನೋಡದೆ ಅದನ್ನೇ ನೋಡುತ್ತಾ ಕನ್ನಡಕ ಕೊಡುತ್ತಿದ್ದೆ. ಹತ್ತದ ದೀಪವೂ ಹೆದರಿಸುತ್ತಿತ್ತು. ಹತ್ತಿಲ್ಲವೆಂದರೆ ಅವನು ಬಿದ್ದಿಲ್ಲವೆಂದೋ, ಕೆಟ್ಟಿದೆಯೆಂದೋ? ಒಮ್ಮೆ ಅವನು ಗೊಬ್ಬರದ ಮೂಟೆ ಕೊಡವುವಾಗ ಸುಮ್ಮನೆ ಹತ್ತಿತು. ಓಡಿ ಹೋದೆ. ಇಬ್ಬರೂ ನಕ್ಕೆವು, ನಾನು ಸ್ವಲ್ಪ ಕಡಿಮೆ.

ಹೀಗೇ ದಿನ ಕಳೆದವು. ಸೇವಂತಿಗೆ ಮುಗಿದು ಚೆಂಡುಹೂವಿನ ಸಸಿಗಳು ಬಂದವು. ಒಂದು ದಿನ ಬೆಳಿಗ್ಗೆ ವಯಸ್ಸಾದ ಒಬ್ಬರು ಮೊದಲ ಸಲ ಕನ್ನಡಕ ಮಾಡಿಸಿಕೊಳ್ಳಲು ಬಂದಿದ್ದರು. ಗಾಜು ಹಾಕಿಸಿ, ಗೋಡೆಯ ಅಕ್ಷರಗಳನ್ನು ಓದಿಸುತ್ತಿದ್ದೆ. ಕೊನೆಯ ಸಾಲಿನ ಸಣ್ಣ ಅಕ್ಷರವೂ ಕಂಡಾಗ ಅವರಿಗೆ ಎಷ್ಟು ಖುಷಿಯಾಯಿತೆಂದರೆ ಅಂಗಡಿಯಲ್ಲಿದ್ದ ಡಬ್ಬಿ, ಕ್ಯಾಲೆಂಡರು, ಔಷಧಿ ಬಾಟಲಿ ಎಲ್ಲದರ ಮೇಲಿನದನ್ನೂ ಓದತೊಡಗಿದರು. ನಾನೂ ನಗುತ್ತಾ ಒಂದೊಂದೇ ತೋರಿಸುತ್ತಿದ್ದೆ.

"ಅದೇನಮ್ಮ ಅಲ್ಲಿ, ಕೆಂಪಗೆ ಉರೀತಿರೋದು?" ಎಂದರು ಅವರು.

ನಾನು ಓಡಿದೆ. ಚಪ್ಪಲಿ ಹಾಕಲಿಲ್ಲ. ಸೊಸೈಟಿ ಅಂಗಡಿಯ ತಿರುವಿನಲ್ಲಿ ಆ ಸದ್ದು ನನಗೆ ಎದುರಾಯಿತು. ತಗಡಿನ ಬಕೆಟ್ಟು ಉರುಳಿದ್ದು, ಅದರ ಹಿಂದೆಯೇ ಅವನ ಗಂಟಲಿನಿಂದ ಹೊರಡುವ ಆ ಒಂದು ಕೂಗು. ನನ್ನ ಪಕ್ಕದಲ್ಲೇ ಅವನು ಬಿದ್ದಂತೆ ಕೇಳಿ, ನನ್ನನ್ನು ದಾಟಿ ಬೀದಿಯಲ್ಲಿ ಅಂಗಡಿಯ ಕಡೆಗೆ ನಡೆದುಹೋಯಿತು. ಇಷ್ಟು ವರ್ಷ ನಾನು ಅದಕ್ಕಾಗಿ ಅಂಗಡಿಯಲ್ಲಿ ಕೂತು ಕಾಯುತ್ತಿದ್ದೆ. ಈ ಸಲ ನಿಲ್ಲದೆ ಓಡಿದೆ.

ಅವನು ತೊಟ್ಟಿಯ ಅಂಚಿನ ಮೇಲೆ ಮಗುಚಿ ಬಿದ್ದಿದ್ದ. ಕಾಲು ಹೊರಗೆ, ಎದೆ ಅಂಚಿನ ಮೇಲೆ, ತಲೆ ಒಳಗಡೆಗೆ ಜೋತಿತ್ತು. ಮೈ ಅದುರುತ್ತಲೇ ಇತ್ತು, ಅದುರಿದಷ್ಟೂ ಜಾರುತ್ತಿದ್ದ. ಹಣೆಯ ಕೂದಲು ನೀರು ಮುಟ್ಟಿತ್ತು. ಎರಡೂ ಕಂಕುಳಿಗೆ ಕೈ ಕೊಟ್ಟು ಹಿಂದಕ್ಕೆ ಎಳೆದೆ. ಎಲ್ಲಿಂದ ಬಂತೋ ಅಷ್ಟು ಬಲ. ನೆಲದ ಮೇಲೆ ಮಗ್ಗುಲಿಗೆ ಮಲಗಿಸಿ, ಬಾಯಿ ಒರೆಸಿ, ತಲೆಯ ಕೆಳಗೆ ನನ್ನ ಸೆರಗು ಮಡಚಿ ಇಟ್ಟೆ. ಅದುರುವುದು ನಿಲ್ಲುವವರೆಗೆ ಅವನ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಕೂತೆ.

ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟ. ಎಲ್ಲಿದ್ದೇನೆಂದು ತಿಳಿಯಲು ಒಂದಷ್ಟು ಹೊತ್ತು ಬೇಕಾಯಿತು. ತೊಟ್ಟಿ ನೋಡಿದ, ಒದ್ದೆಯಾದ ಕೂದಲು ಮುಟ್ಟಿಕೊಂಡ, ನನ್ನ ಬರಿಗಾಲು ನೋಡಿದ.

ನನಗೆ ಅಳು ತಡೆಯಲಾಗಲಿಲ್ಲ. "ನಾನು ನೋಡ್ತಾ ಇರ್ಲಿಲ್ಲ ಕಣೋ ಧರಣಿ. ದೀಪ ಹತ್ತಿದ್ದು ನಾನು ನೋಡ್ಲೇ ಇಲ್ಲ. ಯಾರೋ ಗಿರಾಕಿ ಹೇಳಿದ್ರು. ಬೆಳಿಗ್ಗೆಯಿಂದ ನಿನ್ನ ನೆನಪೇ ಇರ್ಲಿಲ್ಲ ನಂಗೆ."

ಅವನು ನಾಲಿಗೆ ಕಚ್ಚಿಕೊಂಡಿದ್ದ. ಮಾತು ತೊದಲುತ್ತಿತ್ತು.

"ನಿಜವಾಗ್ಲೂ?" ಎಂದ.

"ನಿಜವಾಗ್ಲೂ ಕಣೋ."

"ಏನ್ಮಾಡ್ತಿದ್ದೆ?"

"ಒಬ್ರು ಅಜ್ಜರಿಗೆ ಬಾಟಲಿ ಮೇಲಿಂದು ಓದಿಸ್ತಿದ್ದೆ. ಅವರು ಓದಿ ಓದಿ ಕುಣೀತಿದ್ರು. ನಾನೂ ನಗ್ತಾ ಇದ್ದೆ."

ಧರಣಿ ಮತ್ತೆ ಕಣ್ಣು ಮುಚ್ಚಿದ. ಬಿಳಿಚಿಕೊಂಡಿದ್ದ ಅವನ ಮುಖದಲ್ಲಿ ಒಂದು ನಗು ನಿಧಾನವಾಗಿ ಹರಡಿತು. ಫಿಟ್ಸ್ ಶುರುವಾದಾಗಿನಿಂದ ನಾನು ಅವನ ಮುಖದಲ್ಲಿ ಅಷ್ಟು ನಿರಾಳ ನೋಡಿರಲಿಲ್ಲ.

"ಆ ಅಜ್ಜ ಅಲ್ಲೇ ಕಾಯ್ತಿರ್ತಾರೆ, ಅವರಿಗಿನ್ನೂ ಕನ್ನಡಕದ ಪೆಟ್ಟಿಗೇನೂ ಕೊಟ್ಟಿರಲ್ಲ ನೀನು" ಎಂದ. "ಇಲ್ಲಿ ಸ್ವಲ್ಪ ಹೊತ್ತು ಕೂತ್ಕೊಂಡು ಆಮೇಲೆ ಹೋಗು."